ಸಾವಿಲ್ಲದ ಚೆಲುವು

ಕರಿಗಲ್ಲು ದುರ್ಗದ ದೊರೆ ಬೊಮ್ಮರಸನಿಗೆ ತನ್ನ ರೂಪದ ಮೇಲೆ ಬಲು ಅಭಿಮಾನ. ಹೊಸ ಸಭಾಮಂಟಪದ ಗೋಡೆಯ ಮೇಲೆ ತನ್ನ ಚಿತ್ರ ಬರೆಯಲು ಚಿತ್ರಗಾರ ವೀರೋಜನಿಗೆ ಅಪ್ಪಣೆ ಮಾಡಿದ್ದ. "ಲೋಕದಲ್ಲಿ ಯಾರೂ ಕಾಣದಂಥ ಚಿತ್ರವಾಗಬೇಕು" ಎಂದೂ ಸೇರಿಸಿದ್ದ.

ಪರದೆ ಸರಿಸಿದಾಗ ಸಭೆ ಬೆರಗಾಯಿತು. ದೊರೆ ಒಂದು ವಿಚಿತ್ರ ಪ್ರಾಣಿಯನ್ನೇರಿ ಮೋಡಗಳ ನಡುವೆ ಹಾರುತ್ತಿದ್ದಾನೆ. ಅದಕ್ಕೆ ನವಿಲಿನ ಕೊರಳು, ಕುದುರೆಯ ಮೈ, ಚಿನ್ನದ ರೆಕ್ಕೆ. ಹಿಂಗಾಲಿನ ಕಡೆ ಮಾತ್ರ ಬರೀ ಎಲುಬು!

"ಇದೇನಯ್ಯ, ಹಿಂದುಗಡೆ ಚರ್ಮ ಬರೆಯಲು ಮರೆತೆಯಾ?"

"ಇಲ್ಲ ಮಹಾಸ್ವಾಮಿ. ಮುಂದಿರುವುದು ಚೆಲುವು, ಹಿಂದಿರುವುದು ಸಾವು. ಎರಡಕ್ಕೂ ಒಂದೇ ಮೈ. ಅದಕ್ಕೇ ಚೆಲುವೆಂದರೆ ನಮಗೆ ಅಷ್ಟು ಆಸೆ."

ದೊರೆಯ ಮುಖ ಕೆಂಪಾಯಿತು. "ನನ್ನನ್ನು ಸಾವಿನ ಬೆನ್ನ ಮೇಲೆ ಕೂರಿಸಿದೆಯಾ! ಇದಕ್ಕೆ ಸುಣ್ಣ ಬಳಿಯಿರಿ! ಎದುರು ಗೋಡೆಯ ಮೇಲೆ ಸಾವಿನ ನೆರಳೂ ಸೋಕದ ಚೆಲುವನ್ನು ನೀನು ಬರೆ. ಆಗದಿದ್ದರೆ ಕೈ ಕಡಿಸುತ್ತೇನೆ!"



ಆಸ್ಥಾನದ ವಿದೂಷಕ ಸಿಂಗಣಯ್ಯ ಎದ್ದು ಕೈಮುಗಿದ. ಆ ಪ್ರಾಣಿ ಗೋಡೆಯ ಮೇಲೆ ಮೂಡುತ್ತಿದ್ದುದನ್ನು ದಿನಾ ಬಂದು ನೋಡಿದ್ದವನು ಅವನು. ಎದ್ದು ಕೈಮುಗಿದ.

"ಪ್ರಭು, ಏನು ಬರೆಯಬೇಕೆಂದು ತಾವೇ ಹೇಳಿ. ಸಾವಿನ ನೆರಳಿದೆಯೇ ಎಂದು ನಾನು ನೋಡುತ್ತೇನೆ. ಆ ಗೋಡೆ ಮುಗಿಯಲಿ, ಆಮೇಲೆ ಈ ಗೋಡೆಗೆ ಸುಣ್ಣ."

"ಆಗಲಿ. ತಾವರೆ ಬರೆಯಲಿ."

"ಸಂಜೆಗೆ ಮುದುಡುತ್ತದಲ್ಲ ಪ್ರಭು."

"ಹುಣ್ಣಿಮೆಯ ಚಂದ್ರ?"

"ಮರುದಿನದಿಂದಲೇ ಸವೆಯುತ್ತಾನೆ."

"ಜಿಂಕೆ!"

"ನಿನ್ನೆ ತಾವು ಚಪ್ಪರಿಸಿ ಉಂಡದ್ದು ಅದನ್ನೇ."

"ಹಾಗಾದರೆ ಬಂಡೆ! ಬಂಡೆ ಸಾಯುತ್ತದೇನು?"

"ಬಂಡೆಗೆ ನನ್ನ ತಕರಾರಿಲ್ಲ."

ವೀರೋಜ ಬೂದು ಬಣ್ಣದ ಒಂದು ಬೋಳು ಬಂಡೆ ಬರೆದ. ದೊರೆ ಅದನ್ನು ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ.

"ಇದರಲ್ಲಿ ಚೆಲುವೆಲ್ಲಿದೆ?"

"ಸಾವಿಲ್ಲ ಪ್ರಭು. ಚೆಲುವನ್ನು ಇನ್ನೂ ಹುಡುಕುತ್ತಿದ್ದೇವೆ."

"ಹುಡುಕುವುದೇನು ಬಂತು? ಅದರ ಮೇಲೆ ನನ್ನನ್ನು ಕೂರಿಸಿ!"

ವೀರೋಜ ಕುಂಚ ಎತ್ತಿದ. ಸಿಂಗಣಯ್ಯ ಅವನ ಕೈ ಹಿಡಿದುಕೊಂಡ.

"ಯಾಕೆ ತಡೆದೆ?" ದೊರೆ ಗುಡುಗಿದ. "ನನಗೂ ಸಾವಿದೆ ಎನ್ನುತ್ತೀಯಾ?"

ಸಿಂಗಣಯ್ಯ ಸಿಂಹಾಸನದ ಕಡೆ ನೋಡಿದ. ಹೌದೆಂದರೆ ತನ್ನ ತಲೆ ಹೋಗುತ್ತದೆ, ಇಲ್ಲವೆಂದರೆ ಈ ಗೋಡೆ ಮುಗಿದು ವೀರೋಜನ ಮೊದಲಿನ ಚಿತ್ರಕ್ಕೆ ಸುಣ್ಣ ಬೀಳುತ್ತದೆ. ಸಿಂಹಾಸನದ ಪಕ್ಕದಲ್ಲಿ ಯುವರಾಜ ನಿಂತಿದ್ದ. ಅವನ ಗಡ್ಡ ಆಗಲೇ ನರೆಯತೊಡಗಿತ್ತು.

"ಶಾಂತಂ ಪಾಪಂ! ನಮ್ಮ ಪ್ರಭುಗಳಿಗೆ ಸಾವೇ ಇಲ್ಲವೆಂದು ಊರಿಗೆಲ್ಲ ಡಂಗುರ ಹೊಡೆಸುತ್ತೇನೆ. ಆದರೆ ಈ ಸುದ್ದಿಯನ್ನು ಯುವರಾಜರಿಗೆ ಮಾತ್ರ ತಾವೇ ತಿಳಿಸಬೇಕು. ಪಾಪ, ಇಷ್ಟು ವರ್ಷ ಕಾದವರು!"

ದೊರೆ ಮಗನ ಗಡ್ಡ ನೋಡಿದ. ಮಗ ಚಾವಣಿ ನೋಡಿದ. ದೊರೆಗೆ ನಗು ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಮೊದಲಿನ ಚಿತ್ರವೇ ಇರಲಿ ಕಣಯ್ಯ" ಎಂದು ತನ್ನ ಚಿನ್ನದ ಕಡಗ ಕಳಚಿ ವೀರೋಜನಿಗೆ ತೊಡಿಸಿದ, ಹೊದ್ದಿದ್ದ ಶಾಲನ್ನು ಸಿಂಗಣಯ್ಯನಿಗೆ ಹೊದಿಸಿದ.

ಸಭೆಯೆಲ್ಲ ನಕ್ಕಿತು. ಯುವರಾಜನೊಬ್ಬ ಮಾತ್ರ, ತಾನು ನಗಬಹುದೋ ಬಾರದೋ ತಿಳಿಯದೆ, ಗಡ್ಡ ಕೆರೆದುಕೊಳ್ಳುತ್ತ ನಿಂತಿದ್ದ.