ಆಡು, ನಾಯಿ, ಹುಲ್ಲಿನ ಹೊರೆ

ಹೊಳೆ ಅಂದರೆ ಈಗಿನ ಹೊಳೆಯಲ್ಲ. ಆಗ ಅದರೊಳಗೆ ಒಂದು ಮೀನು ಮಗ್ಗುಲು ಬದಲಿಸಿದರೆ ದಂಡೆಯ ಮೇಲೆ ಮಲಗಿದ ಎಮ್ಮೆಯ ಮೈ ತೋಯುತ್ತಿತ್ತು. ನಂಬದವರು ಆ ಎಮ್ಮೆಯನ್ನೇ ಕೇಳಬೇಕು.

ಅಂಥ ಹೊಳೆಯ ದಂಡೆಗೆ ಮುಪ್ಪಿನಜ್ಜನ ಮಠ. ಮಠವೆಂದರೆ ಒಂದು ಗುಡಿಸಲು, ಒಂದು ಬೇವಿನ ಗಿಡ, ಗಿಡಕ್ಕೆ ಕಟ್ಟಿದ ಒಂದು ಹರಿಗೋಲು. ಹರಿಗೋಲು ಎಷ್ಟು ಚಿಕ್ಕದು ಅಂತೀರಿ? ಹುಟ್ಟು ಹಾಕುವವನು ಕೂತ ಮೇಲೆ ಇನ್ನೊಂದು ಜೀವ ಹಿಡಿಸಿದರೆ ಹೆಚ್ಚು. ಮೂರನೆಯವರ ನೆರಳು ಬಿದ್ದರೂ ನೀರು ಒಳಗೆ ಬರುತ್ತಿತ್ತು.

ಅಜ್ಜನಿಗೆ ಒಬ್ಬನೇ ಶಿಷ್ಯ, ಶಿವಬಸ. ಓದಿಕೊಂಡವನು, ಒಳ್ಳೆಯವನು. ಒಗಟು ಅಂದರೆ ಮಾತ್ರ ಅನ್ನ ನೀರು ಮರೆಯುವವನು. ಒಂದು ಮದುವೆಯಲ್ಲಿ ಅವನು ಹಾಕಿದ ಒಗಟಿಗೆ ಬೀಗರು ಉಣ್ಣುವ ಎಲೆಯ ಮುಂದೆ ತಲೆ ಕೆರೆಯುತ್ತ ಕೂತರು ನೋಡಿ, ಅವರಿಗೆ ಉತ್ತರ ಹೊಳೆಯುವಷ್ಟರಲ್ಲಿ ಮದುಮಗಳಿಗೆ ಎರಡು ಮಕ್ಕಳಾಗಿದ್ದವಂತೆ.

ಅಜ್ಜ ಮಾತ್ರ ಅವನ ಒಂದು ಒಗಟನ್ನೂ ಬಿಡಿಸಿದವನಲ್ಲ.

"ಅಜ್ಜಾರ, ಇದೊಂದನ್ನಾದ್ರೂ ಬಿಡಿಸ್ರಿ," ಅಂದ ಶಿವಬಸ ಒಂದು ಮುಂಜಾನೆ. "ಒಬ್ಬ ಹೊಳಿ ದಾಟಬೇಕು. ಅವನ ಕೂಡ ಒಂದು ಹುಲಿ, ಒಂದು ಆಡು, ಒಂದು ಹುಲ್ಲಿನ ಹೊರಿ. ದೋಣ್ಯಾಗ ಒಂದ ಹಿಡಿಸ್ತೈತಿ. ಅವ ಇಲ್ಲದಾಗ ಹುಲಿ ಆಡನ್ನ ತಿಂತೈತಿ, ಆಡು ಹುಲ್ಲು ತಿಂತೈತಿ. ಹೆಂಗ ದಾಟಿಸ್ತೀರಿ?"

ಅಜ್ಜ ಬಹಳ ಹೊತ್ತು ಗಡ್ಡ ನೀವಿದ.

"ಹುಲಿ ಹಿಡ್ಕೊಂಡು ಎಲ್ಲಿಗೆ ಹೊಂಟಾನಪಾ ಅವ?"

"ಅದು ಒಗಟಿನಾಗಿಲ್ಲ, ಅಜ್ಜಾರ."

"ಮೊದಲು ಅದ ಗೊತ್ತಾಗಬೇಕಲ್ಲೋ."

ಪಾಪ, ಅಜ್ಜನಿಗೆ ವಯಸ್ಸಾಯಿತು ಅಂದುಕೊಂಡ ಶಿವಬಸ. ಆ ಮರುಕದಲ್ಲೇ ಅಜ್ಜನ ಕಾಲು ಒತ್ತಿದ. ಅಜ್ಜ ಹಾಯಾಗಿ ನಿದ್ದೆ ಹೋದ.

ಅದೇ ದಿನ ಹೊತ್ತು ತಿರುಗಿದ ಮೇಲೆ ಒಬ್ಬ ಮುದುಕಿ ಏದುಸಿರು ಬಿಡುತ್ತ ಬಂದಳು. ಹೆಸರು ಹಾಲವ್ವ. ತಲೆಯ ಮೇಲೆ ಹುಲ್ಲಿನ ಹೊರೆ, ಕೈಯಲ್ಲಿ ಆಡಿನ ಹಗ್ಗ, ಹಿಂದೆ ಒಂದು ಬಡಕಲು ನಾಯಿ.

"ತಮ್ಮಾ, ಅಂಬಿಗ ಊರಾಗಿಲ್ಲ. ನೀನ ದಾಟಿಸಬೇಕು. ಆ ದಂಡಿ ಊರಾಗ ನನ್ನ ಮಗಳು ನೀಲವ್ವಗ ಬ್ಯಾನಿ ಸುರು ಆಗ್ಯಾವಂತ. ಎರಡನೇ ಹೆರಿಗಿ. ಅತ್ತಿ ಇಲ್ಲ, ನಾದಿನಿ ಇಲ್ಲ, ಮನ್ಯಾಗ ಹೆಣ್ಣುದಿಕ್ಕ ಇಲ್ಲ."

"ಇವೆಲ್ಲ?"

"ಬಾಣಂತಿಗೆ ಹಾಲಿಗಂತ ಆಡು. ಆಡಿಗಂತ ಹುಲ್ಲು. ನಾಯಿ, ಬ್ಯಾಡ ಅಂದ್ರೂ ಬಂದೈತಿ."

ಶಿವಬಸನ ಕಣ್ಣು ದೀಪ ಹಚ್ಚಿದಂತಾದವು. ಹುಲಿಯ ಜಾಗದಲ್ಲಿ ನಾಯಿ, ಅಷ್ಟೇ! ಒಗಟು ತನ್ನ ಕಾಲ ಮೇಲೆ ತಾನೇ ನಡೆದು ಮಠಕ್ಕೆ ಬಂದಿತ್ತು.

"ಯವ್ವಾ, ಚಿಂತಿ ಬಿಡು. ಇದರ ಉತ್ತರ ನನಗ ಗೊತ್ತೈತಿ."

"ಉತ್ತರ ಯಾಕಪಾ? ದಾಟಿಸಿದ್ರ ಸಾಕು."

"ನೀ ಆ ಕಲ್ಲಿನ ಮ್ಯಾಲೆ ಕುಂದರು. ಮೊದಲು ಆಡು."

"ಮೊದಲು ಆಡಾ?"

"ಲೆಕ್ಕ ಹಂಗ ಐತಿ."

ಮಠದ ಶಿಷ್ಯ ಹೇಳಿದ ಮೇಲೆ ಏನೋ ಶಾಸ್ತ್ರವಿರಬೇಕು ಅಂದುಕೊಂಡು ಹಾಲವ್ವ ಕಲ್ಲಿನ ಮೇಲೆ ಕೂತಳು.

ಶಿವಬಸ ಆಡನ್ನು ದಾಟಿಸಿದ. ಹಗ್ಗ ಇತ್ತು, ಗಿಡ ಇತ್ತು, ಕಟ್ಟಬಹುದಿತ್ತು. ಒಗಟಿನಲ್ಲಿ ಕಟ್ಟುವ ಮಾತಿಲ್ಲ ಅಂತ ಕಟ್ಟಲಿಲ್ಲ. ಆ ದಂಡೆಯಲ್ಲಿ ಸೊಂಟದುದ್ದ ಹಸಿರು ಹುಲ್ಲು ಬೆಳೆದು ನಿಂತಿತ್ತು. ಅದನ್ನೂ ಅವನು ನೋಡಲಿಲ್ಲ.

ತಿರುಗಿ ಬಂದು ನಾಯಿಯನ್ನು ಹತ್ತಿಸಿಕೊಂಡ. ಅದು ಹಾಲವ್ವನ ಕಡೆ ಮುಖ ಮಾಡಿ ದಾರಿಯುದ್ದಕ್ಕೂ ಕುಂಯ್‌ಗುಟ್ಟಿತು. ಅದನ್ನು ಆ ಕಡೆ ಇಳಿಸಿ, ಒಗಟಿನ ಕಟ್ಟಳೆಯಂತೆ ಆಡನ್ನು ಮತ್ತೆ ಹತ್ತಿಸಿಕೊಂಡು ಈ ಕಡೆ ಬಂದ.

ಹಾಲವ್ವ ಎದ್ದು ನಿಂತಳು. "ದಾಟಿಸಿದ ಆಡನ್ನ ಯಾಕ ಹಿಂದಕ್ಕ ತಂದ್ಯೋ ತಮ್ಮಾ?"

"ಜಾಣತನ ಇರೂದ ಅಲ್ಲಿ, ಯವ್ವಾ!" ಬೆವರು ಒರೆಸಿಕೊಳ್ಳುತ್ತ ಅವನು ನಕ್ಕ. "ಇದನ್ನ ಇಲ್ಲಿ ಇಳಿಸೂದು, ಹುಲ್ಲು ಒಯ್ಯೂದು—"

ಮಾತು ಮುಗಿಯಲಿಲ್ಲ. ಅವನ ಬೆನ್ನಿಗೆ ಮಳೆ ಸುರಿದಂತೆ ನೀರು ಸಿಡಿಯಿತು. ತಿರುಗಿ ನೋಡಿದರೆ ನಾಯಿ. ಇಡೀ ಹೊಳೆ ಈಜಿ ಬಂದು ಮೈ ಕೊಡವುತ್ತಿತ್ತು.

"ಒಗಟಿನಾಗ ಹುಲಿ ಈಜೂದಿಲ್ಲಲೇ!" ಅಂತ ಅವನು ನಾಯಿಯನ್ನು ಗದರಿಸಿದ. ನಾಯಿ ಹೋಗಿ ಆಡಿಗೆ ಒರಗಿ ಮಲಗಿತು. ಅವೆರಡೂ ಮರಿ ಇದ್ದಾಗಿನಿಂದ ಒಂದೇ ಕೊಟ್ಟಿಗೆಯಲ್ಲಿ ಮಲಗಿ ಬೆಳೆದಂಥವು.

ಹೊತ್ತು ಇಳಿಯುತ್ತಿತ್ತು. ಅಷ್ಟಗಲದ ಹೊಳೆಯನ್ನು ದಾಟಿ ಆ ದಂಡೆಯ ಊರಿನವರ ಕೂಗು ಬಂತು.

"ಹಾಲವ್ವಾ! ಎಲ್ಲಿದ್ದೀಯೇ? ನೀಲವ್ವ ನಿನ್ನ ಹೆಸರು ಹಿಡಿದು ಒದರಾಕತ್ತಾಳ!"

ಹಾಲವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಶಿವಬಸ ಆಡಿನ ಹಗ್ಗ ಹಿಡಿದುಕೊಂಡ.

"ಅಳಬ್ಯಾಡ ಯವ್ವಾ. ಎಲ್ಲೋ ತಪ್ಪೈತಿ. ಮತ್ತ ಮೊದಲಿಂದ ಹಿಡೀತೀನಿ. ಮೊದಲು ಆಡು..."

ಗದ್ದಲಕ್ಕೆ ಎಚ್ಚರಾಗಿ ಅಜ್ಜ ಹೊರಗೆ ಬಂದ.

"ಯಾರು ದಾಟಬೇಕಪಾ?"

"ಆಡು, ನಾಯಿ, ಹುಲ್ಲಿನ ಹೊರಿ, ಅಜ್ಜಾರ!"

ಅಜ್ಜ ನಿಧಾನಕ್ಕೆ ನಡೆದು ಕಲ್ಲಿನ ಹತ್ತಿರ ಹೋದ. ಹಾಲವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಮತ್ತ ನೀ ಯಾರವ್ವಾ? ಇವನ ಲೆಕ್ಕದಾಗ ನೀನ ಇಲ್ಲಲ್ಲ."

ಶಿವಬಸನ ಕೈಯಲ್ಲಿದ್ದ ಆಡಿನ ಹಗ್ಗ ಜಾರಿ ಕೆಳಗೆ ಬಿತ್ತು.

ಅವನು ಓಡಿ ಬಂದ. ಹಾಲವ್ವನ ರಟ್ಟೆ ಹಿಡಿದು ಎಬ್ಬಿಸಿದ.

"ಹತ್ತು ಯವ್ವಾ. ಹತ್ತು."

"ಆಡು?"

"ಅದಕ್ಕ ಯಾರೂ ಕಾಯಾಕತ್ತಿಲ್ಲ. ನೀ ಹತ್ತು."

ಹುಟ್ಟು ನೀರಿಗಿಟ್ಟ ಮೇಲೂ ಅವನ ಕಣ್ಣು ದಂಡೆಯ ಕಡೆಗೇ ಹೊರಳಿತು. "ಅಜ್ಜಾರ, ಆಡು ಹುಲ್ಲು ಎರಡೂ ಒಂದ ಕಡೆ ಬಿಟ್ಟು ಹೊಂಟೀನಿ..."

"ಹೋಗಲೇ ಮಗನ!" ಅಂತ ಅಜ್ಜ ಹರಿಗೋಲನ್ನು ಕಾಲಿನಿಂದ ದೂಡಿದ.

ಆವತ್ತು ಶಿವಬಸ ಹುಟ್ಟು ಹಾಕಿದ ರಭಸಕ್ಕೆ ಮೊಸಳೆಗಳು ದಾರಿ ಬಿಟ್ಟು ಪಕ್ಕಕ್ಕೆ ನಿಂತವು. ಹಾಗೆ ಬಿಡದ ಒಂದು ಮೊಸಳೆ ಮೂರು ದಿನ ಸೊಂಟ ಹಿಡಿದುಕೊಂಡು ಮಲಗಿತ್ತಂತೆ. ಪಕ್ಕದಲ್ಲೇ ನಾಯಿ ಈಜುತ್ತ ಬಂತು.

ನಡುಹೊಳೆಯಲ್ಲಿ ಅವನು ಕೇಳಿದ, "ಯವ್ವಾ, ಅಷ್ಟೊತ್ತು ಯಾಕ ಸುಮ್ಮನ ಕುಂತಿದ್ದಿ? ನಾಲ್ಕು ಮಾತು ಬೈಬೇಕಿತ್ತು ನನಗ."

"ನೀ ಓದಿದಾವ ಅದೀಯಪಾ. ನನಗೇನು ತಿಳೀತೈತಿ ಅಂತ ಸುಮ್ಮನಾದೆ."

ಶಿವಬಸ ಮತ್ತಷ್ಟು ಜೋರಾಗಿ ಹುಟ್ಟು ಹಾಕಿದ.

ದಂಡೆ ಮುಟ್ಟಿದ್ದೇ ತಡ, ಆ ವಯಸ್ಸಿನಲ್ಲೂ ಹಾಲವ್ವ ಸೀರೆ ಎತ್ತಿ ಕಟ್ಟಿ ಓಡಿದಳು. ಶಿವಬಸ ಹಿಂದೆ ಹೋಗಿ ಮನೆಯ ಕಟ್ಟೆಯ ಮೇಲೆ ಕೂತ. ಒಳಗೆ ನೀಲವ್ವನ ಚೀರಾಟ. ಅವನು ಉಗುರು ಕಚ್ಚಿದ. ಅಜ್ಜ ಕಲಿಸಿದ ಮಂತ್ರವೆಲ್ಲ ಮರೆತು, ಬರೀ "ಯಪ್ಪಾ, ಯಪ್ಪಾ" ಅಂದ.

ಆಮೇಲೆ ಒಂದು ಎಳೆಯ ಅಳು.

ಹಾಲವ್ವ ಬಾಗಿಲಿಗೆ ಬಂದಳು. ಮುಖವೆಲ್ಲ ಬೆವರು, ಬೆವರೆಲ್ಲ ನಗು.

"ಹೆಣ್ಣು ಕೂಸು, ತಮ್ಮಾ! ನಾ ಹೊಸ್ತಿಲ ದಾಟೂದಕ್ಕೂ ಅದು ಬರೂದಕ್ಕೂ ಸರಿ ಹೋತು. ಒಂಚೂರು ತಡ ಆಗಿದ್ರ ನನ್ನ ಮಗಳು ಒಬ್ಬಾಕಿ..." ಮುಂದೆ ಆಡಲಾರದೆ ಅವನ ಕೆನ್ನೆ ಸವರಿ, ದೃಷ್ಟಿ ತಾಗದಿರಲೆಂದು ನೆಟಿಗೆ ಮುರಿದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ನೆಟಿಗೆ ಮುರಿದದ್ದಕ್ಕೆ ಅವನಿಗೆ ಅಳು ಬಂತು.

ದೀಪ ಹಚ್ಚುವ ಹೊತ್ತಿಗೆ ಈ ದಂಡೆಗೆ ಬಂದ. ಅಜ್ಜ ಅದೇ ಕಲ್ಲಿನ ಮೇಲೆ ಕೂತಿದ್ದ. ಅವನ ಕಾಲ ಬುಡದಲ್ಲಿ ಆಡು ಮಲಗಿ ಮೆಲುಕು ಹಾಕುತ್ತಿತ್ತು.

"ಹೆಣ್ಣು, ಅಜ್ಜಾರ! ತಲಿ ತುಂಬ ಕೂದಲ!"

"ಹೌದೇನೋ!" ಅಜ್ಜ ಚಪ್ಪಾಳೆ ತಟ್ಟಿ ನಕ್ಕ. "ಬಾಣಂತಿ?"

"ಆರಾಮ ಅದಾಳ. ನಾಯಿ ಹೊಸ್ತಿಲ ಮುಂದ ಮಲಗೈತಿ, ಎಬ್ಬಿಸಿದ್ರೂ ಏಳವಲ್ದು." ಶಿವಬಸ ಸುತ್ತ ನೋಡಿದ. "ಅಜ್ಜಾರ, ಹುಲ್ಲಿನ ಹೊರಿ ಎಲ್ಲಿ?"

ಅಜ್ಜ ಆಡಿನ ಹೊಟ್ಟೆಯ ಮೇಲೆ ಬಡಿದ. ಅದು ತಮಟೆಯ ಹಾಗೆ ಸದ್ದು ಮಾಡಿತು.

"ಇದರಾಗ ಐತಿ."

"ತಿಂದುಬಿಡ್ತಾ!"

"ಅದಕ್ಕಂತನ ತಂದಿದ್ಲಲ್ಲಪಾ."

ಶಿವಬಸ ಒಮ್ಮೆ ಹೊಳೆಯನ್ನು ನೋಡಿದ, ಒಮ್ಮೆ ಆಡನ್ನು ನೋಡಿದ. ತಡೆಯಲಾರದೆ ನಕ್ಕುಬಿಟ್ಟ.

ಅಜ್ಜ ಎದ್ದು ಅವನ ತಲೆ ಸವರಿ, ಹಗ್ಗದ ತುದಿಯನ್ನು ಕೈಗೆ ಕೊಟ್ಟ.

"ಇನ್ನ ಇದೊಂದು ಉಳೀತು. ಇದಕ್ಕೂ ವಿಚಾರ ಮಾಡ್ತೀಯೋ, ದಾಟಿಸ್ತೀಯೋ?"