ಮೂರು ಸಲ ಹಳದಿ ಹರಿದ ಹೊಳೆ

ನಾನು ಮನೆ ಬಿಟ್ಟು ಮೊದಲ ಸಲ ನಡೆದದ್ದು ಕಾರಹುಣ್ಣಿಮೆಯ ಮಾರನೇ ದಿನ, ನಾಲ್ಕನೇ ಇಯತ್ತೆಯ ಪಾಟಿಯನ್ನು ಗೂಡಿನಲ್ಲಿಟ್ಟು. ಆಮೇಲೆ ತಿರುಗಿದ ಊರುಗಳಲ್ಲಿ ಮೂರುಮಡು ಒಂದು. ಅಲ್ಲಿಯ ಹರಗೋಲಿನವರು ಹೇಳಿದ್ದನ್ನೇ ಹೇಳುತ್ತೇನೆ, ನೀವು ಹೂಂ ಅನ್ನುತ್ತಿರಬೇಕು.

ಹೊಳೆಗೆ ಇನ್ನೂ ಸೇತುವೆ ಇಲ್ಲದ ಕಾಲಕ್ಕೆ ಒಂದು ಊರಿತ್ತಂತೆ. ಪಡುವಣ ಗುಡ್ಡದಿಂದ ಬಂದ ಹೊಳೆ ಅಲ್ಲಿ ಬಂಡೆಗೆ ಮುಗ್ಗರಿಸಿ, ಮೂರು ಸಲ ತಿರುಗಿ, ಮೂರು ಮಡು ಮಾಡಿತಂತೆ. ಮೇಲಿನ ಮಡು ಕುಡಿಯೋದಕ್ಕೆ. ನಡುವಿನ ಮಡು ಬಟ್ಟೆಗೆ ಬಣ್ಣ ಹಾಕೋರಿಗೆ. ಕೆಳಗಿನ ಮಡುವಿನ ದಂಡೆಗೆ ಅವರದೇ ನೆಂಟರ ಹಟ್ಟಿ; ಅವರು ಬಟ್ಟೆಯನ್ನು ಹರಗೋಲಲ್ಲಿ ಸಂತೆಗಳಿಗೆ ಸಾಗಿಸೋರು. ಯಾವನೋ ಪಾಳೇಗಾರ, ಈ ನೀರಲ್ಲಿ ಬಣ್ಣ ಚೆನ್ನಾಗಿ ಹಿಡಿಯುತ್ತದೆ ಅಂತ ಇವರನ್ನೆಲ್ಲ ಕರೆಸಿ ಕೂರಿಸಿದನಂತೆ. ಪಾಳೇಗಾರ ಹೋದ, ಕೋಟೆ ಬಿತ್ತು, ಬಣ್ಣ ಉಳಿಯಿತು.

ಬಣ್ಣದವರದು ಒಂದು ಕಟ್ಟಳೆ. ಸೋಮವಾರ ತೊಟ್ಟಿ ಮುಟ್ಟೋದಿಲ್ಲ. ಮಂಗಳವಾರ ಕೆಂಪು, ಗುರುವಾರ ಹಳದಿ, ಭಾನುವಾರ ನೀಲಿ. ಕೆಲಸ ಮುಗಿದ ಮೇಲೆ ತೊಟ್ಟಿಯನ್ನು ಹೊಳೆಗೆ ಚೆಲ್ಲೋರು. ಹಟ್ಟಿಯವರ ಹತ್ತಿರ ಪಂಚಾಂಗ ಎಲ್ಲಿಯದು? ನೀರು ನೋಡಿಯೇ ವಾರ ಹೇಳೋರು. ನೀರು ಹಳದಿಯಾಯ್ತಾ, ಗುರುವಾರ. ಮುಗೀತು.

ಬಣ್ಣದ ರಾಚಪ್ಪನ ಮಗಳು ನೀಲವ್ವನನ್ನು ಹಟ್ಟಿಯ ಹುಲಿಗೆವ್ವನ ಮಗನಿಗೆ ಕೊಡೋದು ಅಂತ ಆಯಿತಂತೆ. ಧಾರೆ ಸೀರೆಯನ್ನು ಹೆಣ್ಣಿನ ಅಪ್ಪನೇ ತನ್ನ ಕೈಯಾರೆ ಮೂರು ಗುರುವಾರ, ಮೂರು ಸಲ ಹಳದಿಗೆ ಅದ್ದಬೇಕು. ಅದಕ್ಕೇ ಬುಧವಾರ ರಾಚಪ್ಪ ಹೇಳಿ ಕಳಿಸಿದ: "ಬೀಗಿತ್ತಿ, ಇನ್ನು ಮೂರು ಹಳದಿ ನೀರು ಎಣಿಸಿ. ಮೂರನೆಯದಕ್ಕೆ ದಿಬ್ಬಣ ತನ್ನಿ."

ಗುರುವಾರ ಒಂದು ಅದ್ದು ಆಯಿತು. ಶುಕ್ರವಾರ, ನಡುವಿನ ಮಡುವಿನ ಆಚೆ ದಂಡೆಯಲ್ಲಿ ಸಾವ್ಕಾರನೊಬ್ಬ ಕಟ್ಟಿಸಿದ್ದ ಬಟ್ಟೆ ಗಿರಣಿ ಶುರುವಾಯಿತಂತೆ. ಚಿಮಣಿ ಹೊಗೆ ಬಿಟ್ಟಿತು, ಮೋರಿ ಹಳದಿ ಬಿಟ್ಟಿತು. ಅರಸನ ದಂಡಿಗೆ ಹಳದಿ ರುಮಾಲು ಬೇಕಿತ್ತಂತೆ. ಶನಿವಾರವೂ ಹಳದಿಯೇ.

ಶನಿವಾರ ಮಧ್ಯಾಹ್ನ ವಾಲಗ ಕೇಳಿಸಿತು. ಯಾರ ಮದುವೆಯಪ್ಪಾ ಅಂತ ರಾಚಪ್ಪ ಬಾಗಿಲಿಗೆ ಬಂದರೆ, ಅವನ ಮಗಳದೇ!

"ಇದೇನು ಬೀಗಿತ್ತಿ, ಇವತ್ತು ಶನಿವಾರ!"

"ಯಾರ ಶನಿವಾರ? ಮೂರು ಹಳದಿ ಎಣಿಸಿಯೇ ಬಂದೀವಿ. ಹಟ್ಟಿಯವರಿಗೆ ಮೂರು ಎಣಿಸೋಕೂ ಬರಲ್ಲ ಅಂದ್ಕೊಂಡ್ರಾ?"

"ಚಪ್ಪರ ಇಲ್ಲ, ಅಡಿಗೆ ಇಲ್ಲ. ಸೀರೆ ಇನ್ನೂ ಒಂದೇ ಅದ್ದು ಕಂಡದೆ."

"ಹೊಳೆ ಸುಳ್ಳು ಹೇಳ್ತದಾ? ಬರೀ ಹರಗೋಲು ತಿರುಗಿಸ್ಕೊಂಡು ಹೋದರೆ ನನ್ನ ಮಗನಿಗೆ ಇನ್ಯಾರು ಹೆಣ್ಣು ಕೊಡ್ತಾರೆ? ಈಗ ಧಾರೆ ಎರೀರಿ, ಇಲ್ಲಾ ನೆಂಟಸ್ತಿಕೆ ಇಲ್ಲಿಗೇ ಬಿಡ್ರಿ."

ರಾಚಪ್ಪ ಒಳಗೆ ಓಡಿ ಪಂಚಾಂಗ ತಂದ. ಪಂಚಾಂಗ ನೋಡಿದ, ಶನಿವಾರ. ಹೊಳೆ ನೋಡಿದ, ಗುರುವಾರ. ಮತ್ತೆ ಪಂಚಾಂಗ, ಮತ್ತೆ ಹೊಳೆ. ಬಂದವರದು ತಪ್ಪಿಲ್ಲ, ತನ್ನದೂ ತಪ್ಪಿಲ್ಲ. ಹಾಗಾದರೆ ಇದು ಯಾವ ವಾರ?

ಆಗ ನೀಲವ್ವ ಆ ಪೇಲವ ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳಂತೆ.

"ಅಪ್ಪಾ, ಗಿರಣಿ ಮೋರಿ ಹತ್ತಿರ ನಡಿ. ಇನ್ನೆರಡು ಸಲ ಅಲ್ಲೇ ಅದ್ದು."

"ಅದು ನಮ್ಮ ತೊಟ್ಟಿ ಅಲ್ಲ ಮಗಾ."

"ಕೈ ನಿನ್ನದೇ ತಾನೇ?"

ಹರಗೋಲು ಹತ್ತಿ ಆಚೆ ದಂಡೆಗೆ ಹೋದರು. ರಾಚಪ್ಪ ಸೊಂಟದ ಮಟ್ಟ ನೀರಿಗಿಳಿದ. ಶುಕ್ರವಾರದ್ದೊಂದು ಅದ್ದಿದ. ಶನಿವಾರದ್ದೊಂದು ಅದ್ದಿದ. ಮೇಲೆತ್ತಿದರೆ, ತಾನು ಜನ್ಮದಲ್ಲೇ ಕಾಣದ ಹಳದಿ! ಕಣ್ಣು ಕುಕ್ಕುವ ಹಳದಿ. ನಗಬೇಕೋ ಅಳಬೇಕೋ ತಿಳಿಯದೆ ಹಾಗೇ ನಿಂತುಬಿಟ್ಟನಂತೆ. ಕಡೆಗೆ ಹುಲಿಗೆವ್ವನೇ ಸೆರಗು ಸಿಕ್ಕಿಸಿ ಇಳಿದು ರಟ್ಟೆ ಹಿಡಿದಳು.

"ಬನ್ರಿ ಬೀಗರೇ, ಗುರುವಾರ ಮುಗಿದುಹೋಗ್ತದೆ."

ಹೊತ್ತು ಮುಳುಗೋದರೊಳಗೆ ಧಾರೆ ಆಯಿತಂತೆ. ಬಣ್ಣದವರು ಶನಿವಾರ ಮದುವೆ ಮಾಡಿದರು, ಹಟ್ಟಿಯವರು ಗುರುವಾರ ಮಾಡಿಕೊಂಡರು.

ಈಗ ಆ ಊರು ಪಟ್ಟಣ. ಹನ್ನೊಂದು ಚಿಮಣಿ, ಎರಡು ಸೇತುವೆ. ಹೊಳೆಗೆ ಹೆಸರಿಲ್ಲದ ಬಣ್ಣಗಳು. ಇದನ್ನು ಬೆಳೆದದ್ದು ಅನ್ನಬೇಕೋ ಏನನ್ನಬೇಕೋ, ನನಗಂತೂ ಬಗೆಹರಿದಿಲ್ಲ. ನೀಲವ್ವನ ಸಂಸಾರ ನೀಲವ್ವನಿಗೆ, ಹೊಳೆ ಕಡಲಿಗೆ, ಕಥೆ ನಿಮಗೆ. ಕಂಬಳಿ ಮಡಿಸಿಯಾಯಿತು, ಗಂಟು ಬಿಗಿದರೆ ನಾನು ಹೊರಟೆ.