ನಡುಗದ ಮರಿ

"ಗುರುಗಳೇ, ಅತ್ತು ಕೇಳಿದವರಿಗೆ ನಾನು ಮೊದಲು ಬಡಿಸುತ್ತೇನೆ. ನಿನ್ನೆ ಮಠಕ್ಕೆ ಬಂದ ಹೆಣ್ಣುಮಗಳು ಗಂಡನನ್ನು ಕಳೆದುಕೊಂಡಿದ್ದಾಳಂತೆ. ಅಳುವುದಿಲ್ಲ, ಏನನ್ನೂ ಕೇಳುವುದಿಲ್ಲ, ಸುಮ್ಮನೆ ಕುಳಿತಿದ್ದಾಳೆ. ಗಟ್ಟಿ ಜೀವ. ಅವಳ ಚಿಂತೆ ನನಗೆ ಬೇಕೆ?" ಎಂದು ದಾಸೋಹ ನೋಡಿಕೊಳ್ಳುವ ಶಿಷ್ಯ ಗುಡ್ಡಯ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಕುರುಬ ಬಯಲಲ್ಲಿ ಹಟ್ಟಿ ಹಾಕಿಕೊಂಡಿದ್ದ. ಮಾಗಿಯ ಚಳಿ. ಬೆಳಕು ಹರಿಯುವ ಹೊತ್ತಿಗೆ ಒಂದು ಕುರಿ ಅವಳಿ ಮರಿ ಹಾಕಿತು. ಒಂದು ಮರಿ ಗಡಗಡ ನಡುಗುತ್ತ ಅರಚಿತು. ಕುರುಬ ಅದನ್ನು ಕಂಬಳಿಯಲ್ಲಿ ಸುತ್ತಿ, ಮೈ ಉಜ್ಜಿ, ತಾಯಿಯ ಕೆಚ್ಚಲಿಗೆ ಹಿಡಿದ. ಇನ್ನೊಂದು ನಡುಗಲಿಲ್ಲ, ಸದ್ದು ಮಾಡಲಿಲ್ಲ. ಮುಟ್ಟಿದರೆ ಮೈ ಬೆಚ್ಚಗಿತ್ತು. ಇದು ಗಟ್ಟಿ ಮರಿ ಎಂದುಕೊಂಡು ಅವನು ಮಿಕ್ಕ ಕುರಿಗಳ ಕಡೆ ಹೋದ. ಬಿಸಿಲೇರಿದ ಮೇಲೆ ಬಂದು ನೋಡಿದರೆ ಅದು ಸತ್ತಿತ್ತು.

ಅವನಿಗೆ ನಂಬಲಾಗಲಿಲ್ಲ. ರೋಗವಿದ್ದರೆ ಮಂದೆಗೆಲ್ಲ ಹರಡೀತೆಂದು ಹೆದರಿ ಮರಿಯ ಹೊಟ್ಟೆ ಸೀಳಿ ನೋಡಿದ. ರೋಗವಿರಲಿಲ್ಲ. ಎಳೆಯ ಮರಿಗಳ ಮೂತ್ರಪಿಂಡದ ಸುತ್ತ ಕಂದು ಬಣ್ಣದ ಕೊಬ್ಬು ಇರುತ್ತದೆ. ಸತ್ತು ಹುಟ್ಟಿದ ಮರಿಗಳಲ್ಲೂ ಅವನು ಅದನ್ನು ಕಂಡಿದ್ದ. ಇದರಲ್ಲಿ ಅದು ಕರಗಿಹೋಗಿತ್ತು. ಹೊಟ್ಟೆಯಲ್ಲಿ ಒಂದು ತೊಟ್ಟು ಹಾಲಿರಲಿಲ್ಲ.

ಹೆಂಡತಿ ಬಂದು ಪಕ್ಕದಲ್ಲಿ ಕುಳಿತಳು. "ಬಿಳಿ ಕೊಬ್ಬು ಕೂಡಿಡುವುದಕ್ಕೆ, ಕಂದು ಕೊಬ್ಬು ಉರಿಯುವುದಕ್ಕೆ ಎಂದು ನಮ್ಮಪ್ಪ ಹೇಳುತ್ತಿದ್ದ. ಅದು ಉರಿದರೆ ಮೈ ನಡುಗದೆಯೇ ಬಿಸಿಯಾಗಿರುತ್ತದಂತೆ," ಎಂದಳು. ಆಮೇಲೆ ಮೆಲ್ಲಗೆ, "ಮರಿ ತನ್ನನ್ನೇ ಉರಿಸಿಕೊಂಡು ನಿಮಗಾಗಿ ಕಾದಿದೆ," ಎಂದಳು.

ಕುರುಬನಿಗೆ ಆ ದಿನ ಅನ್ನ ಸೇರಲಿಲ್ಲ.

ಮುಂದಿನ ಮಾಗಿಯಲ್ಲಿ ಅಂಥದೇ ಒಂದು ಮರಿ ಹುಟ್ಟಿತು. ನಡುಗಲಿಲ್ಲ, ಅರಚಲಿಲ್ಲ. ಕುರುಬ ಕೈಲಿದ್ದ ಕೆಲಸ ಬಿಟ್ಟು ಓಡಿಬಂದ. ಮೈ ಒರೆಸಿ, ಗಿಣ್ಣುಹಾಲು ಕರೆದು, ಅದರಲ್ಲಿ ಬೆರಳದ್ದಿ ಬಾಯಿಗಿಟ್ಟ. ಮರಿ ನುಂಗಲಿಲ್ಲ. ಅವನು ಬಿಡಲಿಲ್ಲ. ಬೇಡಿಕೊಳ್ಳುವವನಂತೆ ಮತ್ತೆ ಮತ್ತೆ ಇಟ್ಟ. ಕೊನೆಗೆ ಅದು ಬೆರಳು ಚೀಪತೊಡಗಿತು. ಸ್ವಲ್ಪ ಹೊತ್ತಿಗೆ ಎದ್ದು ನಿಂತಿತು, ಬಿತ್ತು, ಮತ್ತೆ ಎದ್ದು ತಾನೇ ಕೆಚ್ಚಲು ಹುಡುಕಿತು. ಕುರುಬ ಒಬ್ಬನೇ ನಿಂತು ಗಟ್ಟಿಯಾಗಿ ನಕ್ಕುಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು.

"ಆ ಕೊಬ್ಬು ಎಷ್ಟು ಹೊತ್ತು ಉರಿಯುತ್ತದೆ, ಗುರುಗಳೇ?" ಎಂದು ಗುಡ್ಡಯ್ಯ ಕೇಳಿದ.

"ಹೆಚ್ಚು ಹೊತ್ತೇನಿಲ್ಲ, ಅದಿರಲಿ, ನೀನು ಇನ್ನೂ ಇಲ್ಲೇ ಏಕೆ ಕುಳಿತಿದ್ದೀಯೆ?"